ಸೈನ್ಯದ ಬಡಗಿಯ ತಪ್ಪು

ಮ್ಯೂಸಿಯಮ್ಮಿನ ಹಳೆಯ ಉಪಕರಣಗಳನ್ನು ದುರಸ್ತಿ ಮಾಡುವ ಗಂಡನಿಗೆ ಹೆಂಡತಿ ಇಟ್ಟ ಹೆಸರು ರಿಪೇರಿರಾಯರು. ಅದು ಹೊಗಳಿಕೆಯೆಂದು ಅವರು ಬಹಳ ವರ್ಷ ನಂಬಿದ್ದರು.

ಆ ಸಲ ಅವರ ಕೈಗೆ ಬಂದದ್ದು ಯುದ್ಧಕಾಲದ ಮೈಕ್ರೋಸ್ಕೋಪು. ಸೇನಾ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದ ಅಜ್ಜಿಯೊಬ್ಬರು ದುರಸ್ತಿಗೆಂದು ಕೊಟ್ಟಿದ್ದರು. ಸೋಮವಾರ ಬಂದು ನೋಡಿ, ಮನಸ್ಸಿಗೆ ಒಪ್ಪಿದರೆ ಮಾತ್ರ ಮ್ಯೂಸಿಯಮ್ಮಿಗೆ ಬಿಟ್ಟುಕೊಡುವವರಿದ್ದರು. ರಾಯರಿಗೆ ಅದು ಬೇಕೇ ಬೇಕಿತ್ತು. ಮಡಚುವ ಮೂರು ಕಾಲು, ಬಿಸಿಲಿಗೆ ಹೊಳೆದು ಶತ್ರುವಿಗೆ ಸುಳಿವು ಕೊಡದಂತೆ ಕಪ್ಪು ಬಳಿದ ಹಿತ್ತಾಳೆ, ಹೆಗಲಿಗೆ ತೂಗುಹಾಕುವ ಮರದ ಪೆಟ್ಟಿಗೆ. ‘ಸೈನ್ಯದ ವಿನ್ಯಾಸದಲ್ಲಿ ಒಂದು ತಿರುಪೂ ದಂಡಕ್ಕಿಲ್ಲ’ ಎಂದು ಪರಿಚಯದ ಕಾರ್ಡಿನಲ್ಲಿ ಬರೆದು, ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಭಾನುವಾರ ಅದನ್ನು ಮನೆಗೆ ತಂದು, ಗಾಜಿನ ಪಟ್ಟಿಯ ಮೇಲೆ ಈರುಳ್ಳಿಯ ಪೊರೆ ಇಟ್ಟು ಹೆಂಡತಿಗೆ ತೋರಿಸಿದರು. ಇದೇ ಈರುಳ್ಳಿಯನ್ನು ಹೆಚ್ಚಿಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಅಡುಗೆ ಆಗುತ್ತಿತ್ತು ಎಂದಳು ಅವಳು. ಆಮೇಲೆ ಮೈಕ್ರೋಸ್ಕೋಪನ್ನು ವಾಪಸಿಟ್ಟರೆ ಪೆಟ್ಟಿಗೆಯ ಬಾಗಿಲು ಜಪ್ಪಯ್ಯ ಎಂದರೂ ಮುಚ್ಚಲಿಲ್ಲ. ಕಾಲು ಮಡಚಿ ನೋಡಿದರು, ಕನ್ನಡಿ ತಿರುಗಿಸಿ ನೋಡಿದರು. ಕೊನೆಗೆ ಬಾಗಿಲಿನ ಒಳಮೈಯಲ್ಲಿ ಹೆಬ್ಬೆರಳಿನಷ್ಟು ಮರದ ತುಂಡೊಂದು ಕಂಡಿತು. ಯಾವುದಕ್ಕೂ ಆಸರೆಯಾಗಿರದೆ ಸುಮ್ಮನೆ ಅಡ್ಡ ಇತ್ತು. ಸೈನ್ಯದ ಬಡಗಿಯೂ ಮನುಷ್ಯನೇ ಎಂದು ದೊಡ್ಡ ಮನಸ್ಸು ಮಾಡಿ ಕ್ಷಮಿಸಿ, ಉಳಿ ಹಾಕಿ ಎಬ್ಬಿಸಿದರು. ಬಾಗಿಲು ಮುಚ್ಚಿತು. ಗಾಳಿಗೆ ಬಡಿದುಕೊಳ್ಳುವ ಕಿಟಕಿಗೆ ಹೆಂಡತಿ ಆ ತುಂಡನ್ನು ಸಿಕ್ಕಿಸಿದಳು.

ಸೋಮವಾರ ಅಜ್ಜಿ ಮ್ಯೂಸಿಯಮ್ಮಿಗೆ ಬಂದರು. ಹನ್ನೊಂದು ವರ್ಷ ಆ ಪೆಟ್ಟಿಗೆ ಹೊತ್ತವರಿಗೆ ರಾಯರು ಅದರ ವಿನ್ಯಾಸದ ಬಗ್ಗೆ ಅರ್ಧ ಗಂಟೆ ಕೊರೆದರು. ಅಜ್ಜಿ ಎಲ್ಲ ಕೇಳಿಸಿಕೊಂಡು ಬಾಗಿಲು ತೆರೆದರೆ ಗಾಜಿನ ಚೂರು ಉದುರಿತು. ಮನೆಯಿಂದ ತಂದ ಬಸ್ಸಿನ ಕುಲುಕಾಟಕ್ಕೆ, ಒಳಗೇ ಉಳಿದಿದ್ದ ಈರುಳ್ಳಿಯ ಪಟ್ಟಿ ಒಡೆದು, ಲೆನ್ಸಿನ ಮೇಲೆ ಗೀರು ಬಿದ್ದಿತ್ತು. ಅಜ್ಜಿಯ ಬೆರಳು ಬಾಗಿಲಿನ ಖಾಲಿ ಜಾಗವನ್ನು ಸವರಿತು.

“ಇಲ್ಲೊಂದು ತುಂಡಿತ್ತಲ್ಲ?”

ರಾಯರು ಮನೆಯ ಕಿಟಕಿಯನ್ನು ನೆನೆದು, ಬಗ್ಗಿ ಗಾಜಿನ ಚೂರು ಆಯತೊಡಗಿದರು.

“ಗಾಜಿನ ಪಟ್ಟಿ ತೆಗೀದೆ ಮುಚ್ಚೋಕೆ ಹೋದ್ರೆ ಅದು ತಡೀತಿತ್ತು. ದಿಢೀರ್ ಅಂತ ಡೇರೆ ಕೀಳಿ ಅನ್ನೋರು, ಆ ಗಡಿಬಿಡೀಲಿ ಯಾರದೋ ರಕ್ತ ಅದರಲ್ಲೇ ಬಿಟ್ಟುಬಿಡ್ತಿದ್ವಿ. ಪೆಟ್ಟಿಗೆ ಮುಚ್ತಿಲ್ಲ ಅಂದ್ರೆ ಒಳಗೆ ಇನ್ನೂ ಯಾರೋ ಇದ್ದಾರೆ ಅಂತ ಅರ್ಥ.”

“ಈರುಳ್ಳಿ ಇತ್ತು,” ಎಂದರು ರಾಯರು. ಅಂದ ಮೇಲೆ ನೆಲ ಬಾಯಿಬಿಟ್ಟು ನುಂಗಿದರೆ ಸಾಕೆನಿಸಿತು. ಅಷ್ಟು ಜನರನ್ನು ಕಾದ ತುಂಡನ್ನು ತಾವು ಕಿತ್ತೆವಲ್ಲ ಎಂದು ನಾಚಿಕೆಗಿಂತ ಹೆಚ್ಚು ಸಂಕಟವಾಯಿತು.

ಅಜ್ಜಿ ಕಾಗದಕ್ಕೆ ಸಹಿ ಹಾಕಲಿಲ್ಲ. ಮುಂದಿನ ಸೋಮವಾರ ಬರುತ್ತೇನೆಂದು ಹೋದರು. ರಾಯರು ಕಿಟಕಿಯಿಂದ ತುಂಡು ಕಿತ್ತು ತಂದು, ಹಳೆಯ ಜಾಗಕ್ಕೇ ಅಂಟಿಸಿದರು. ಲೆನ್ಸಿನ ಗೀರು ಮಾತ್ರ ಹೋಗಲಿಲ್ಲ. ಕಾರ್ಡಿನಲ್ಲಿ ‘ಒಂದು ತಿರುಪೂ ದಂಡಕ್ಕಿಲ್ಲ’ ಎಂಬುದರ ಕೆಳಗೆ ‘ದಂಡಕ್ಕಿದ್ದವನು ದುರಸ್ತಿಗಾರ, ಗೀರು ಅವನದು’ ಎಂದು ಸೇರಿಸಿದರು.

ಸೋಮವಾರ ಅಜ್ಜಿ ಕಾರ್ಡು ಓದಿದರು, ನಗಲಿಲ್ಲ. ರಾಯರು ಕನ್ನಡಕ ತೆಗೆದಿಟ್ಟು, ಬಗ್ಗಿ, ಗೀರು ಎಲ್ಲಿದೆಯೆಂದು ತೋರಿಸಿದರು. ಈಗ ಮುಚ್ಚಿ ಎಂದರು ಅಜ್ಜಿ.

ಬಾಗಿಲು ಮುಚ್ಚಲಿಲ್ಲ.

ರಾಯರು ಇನ್ನೊಮ್ಮೆ ಒತ್ತಿದರು. ಕೈ ತನ್ನಷ್ಟಕ್ಕೆ ಜೇಬಿನ ಉಳಿಯತ್ತ ಹೋಗಿ, ನಾಚಿ ವಾಪಸಾಯಿತು. ಬಾಗಿಲು ತೆರೆದು ತಡಕಿದರು. ಗಾಜಿನ ಪಟ್ಟಿ ಇಡುವ ಜಾಗದಲ್ಲಿ ಅವರ ಕನ್ನಡಕ ಕೂತಿತ್ತು.

“ಈಗ ಸರಿಯಾಗಿದೆ, ಪೆನ್ನು ಕೊಡಿ,” ಎಂದರು ಅಜ್ಜಿ.