ಮೂವತ್ತೊಂದನೆಯ ಫಾರಂ

ಬಿಬಿಎ ಕೊನೆಯ ವರ್ಷದವರು ಯಾವುದಾದರೊಂದು ಕಂಪನಿಯಲ್ಲಿ ಆರು ವಾರ ಇದ್ದು, ಅಲ್ಲಿಯ ಒಂದು ವಿಷಯದ ಮೇಲೆ ಪ್ರಾಜೆಕ್ಟ್ ಬರೆದು ತರಬೇಕು. ಕಂಪನಿಯ ಸಹಿ, ಮೊಹರು ಇಲ್ಲದ ಪ್ರಾಜೆಕ್ಟನ್ನು ಕಾಲೇಜು ತೆಗೆದುಕೊಳ್ಳುವುದಿಲ್ಲ. ದಾಂಡೇಲಿಯ ಆ ಕಾಲೇಜಿನ ಹೆಚ್ಚಿನ ಹುಡುಗರಿಗೆ ಇದು ಆರು ವಾರದ ಕೆಲಸವಾಗಿರಲಿಲ್ಲ, ಒಂದು ಮಧ್ಯಾಹ್ನದ್ದಾಗಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ಹಿಂದಿನ ವರ್ಷಗಳ ಪ್ರಾಜೆಕ್ಟುಗಳೆಲ್ಲ ಇದ್ದವು. ಹೆಸರು, ಇಸವಿ, ಕಂಪನಿ ಬದಲಿಸಿ ಬೈಂಡ್ ಮಾಡಿಸಿದರೆ ಮುಗಿಯಿತು.

ನೀಲಂ ಸಿದ್ದಿಗೆ ಆ ಅಂಗಡಿ ಗೊತ್ತಿತ್ತು. ಆದರೆ ಅವಳು ಕಲಿತದ್ದನ್ನೆಲ್ಲ ನಂಬಿ ಕಲಿತವಳು. ತಂದೆತಾಯಿ ಮುಂಡಗೋಡ ಕಡೆ ಇಂದೂರು ಎಂಬ ಹಳ್ಳಿಯ ಹತ್ತಿರ ಇದ್ದರು. ಹಳಿಯಾಳ ತಾಲೂಕಿನ ಒಂದು ವಾಡೆಯಿಂದ, ಸಿದ್ದಿಗಳ ಸಣ್ಣ ಕೇರಿಯಿಂದ, ದಾಂಡೇಲಿಗೆ ಬಸ್ಸು ಸಿಗುತ್ತದೆಂದು ಎಂಟನೆಯ ಇಯತ್ತೆಯಿಂದ ಅಲ್ಲಿ ತಾಯಿಯ ತಂಗಿ, ಮಾವಶಿ ಕಾತರಿನಾಳ ಮನೆಯಲ್ಲಿದ್ದಳು. ಮೊದಲ ಸೆಮಿಸ್ಟರಿನಲ್ಲಿ, ಮ್ಯಾನೇಜ್‌ಮೆಂಟ್ ಅಂದರೆ ಜನರಿಂದ ಕೆಲಸ ಮಾಡಿಸುವ ಕಲೆ ಎಂದು ನೋಟ್ಸು ಬರೆದುಕೊಂಡು ಬಂದು ಮಾವಶಿಗೆ ಓದಿ ಹೇಳಿದ್ದಳು.

“ಅದನ್ನ ಕಲಿಯಾಕ ಮೂರ ವರ್ಷ ಬೇಕೇನ?” ಎಂದು ಕಾತರಿನಾ ನಕ್ಕಿದ್ದಳು. “ನಮ್ಮಲ್ಲೆ ಒಂದ ಸೀಟಿ ಊದಿ ಮಾಡಸ್ತಾರ.”

ಕಾತರಿನಾ ಜೋಯಿಡಾ ರಸ್ತೆಯಲ್ಲಿ, ಹೊಳೆಯ ದಂಡೆಯ ರಿಸಾರ್ಟಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ವಾಡೆಯ ಹೆಂಗಸರನ್ನು ಬೆಳಿಗ್ಗೆ ಟೆಂಪೋ ಬಂದು ಒಯ್ಯುತ್ತಿತ್ತು. ನೀಲಂ ಪ್ರಾಜೆಕ್ಟಿಗೆ ಅದೇ ರಿಸಾರ್ಟ್ ಹಿಡಿದಳು. ವಿಷಯ: ನೌಕರರ ತೃಪ್ತಿಯ ಅಧ್ಯಯನ. ಮ್ಯಾನೇಜರ್ ದುಂಡೇಶ ಹಳಿಯಾಳದವನು, ತಾನೂ ಹುಬ್ಬಳ್ಳಿಯಲ್ಲಿ ಬಿಬಿಎ ಓದಿದವನು. “ಮಾಡವಾ, ಚೊಲೊ ಸಬ್ಜೆಕ್ಟ್ ಐತಿ,” ಎಂದು ಒಪ್ಪಿಗೆ ಕೊಟ್ಟ.

ಕಾಲೇಜಿನಲ್ಲಿ ಅವಳ ಗೈಡ್ ಮಧುಮತಿ ಮೇಡಂ. ಸುಳ್ಳು ಪ್ರಾಜೆಕ್ಟುಗಳನ್ನು ಅಕ್ಷರ ನೋಡಿಯೇ ಹಿಡಿಯುತ್ತಾರೆಂದು ಅವರಿಗೆ ಹೆಸರಿತ್ತು. “ನಲವತ್ತು ಮಂದಿ ಬೇಕು. ತುಂಬಿದ ಫಾರಂಗಳನ್ನೇ ಕೊನೆಗೆ ಹಚ್ಚಬೇಕು, ಝೆರಾಕ್ಸ್ ನಡೆಯುವುದಿಲ್ಲ. ಈ ಬ್ಯಾಚಿನಲ್ಲಿ ನೀ ಒಬ್ಬಳಾದರೂ ಖರೇ ಕೆಲಸ ಮಾಡು ನೀಲಂ,” ಎಂದರು. ಈ ಮಾತು ಅವಳ ಎದೆಯಲ್ಲಿ ಕೂತಿತು.

ಫಾರಂ ಅವಳೇ ಟೈಪ್ ಮಾಡಿಸಿದಳು. ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೂ ಐದೈದು ಉತ್ತರ. ಹೆಸರು ಬರೆಯುವುದು ಬಿಡುವುದು ಅವರವರ ಇಷ್ಟ. ಎಲ್ಲಕ್ಕೂ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ನಿಮ್ಮ ಉತ್ತರಗಳನ್ನು ಗುಪ್ತವಾಗಿಡಲಾಗುವುದು.

ಊಟದ ಬಿಡುವಿನಲ್ಲಿ ಬಟ್ಟೆ ಒಗೆಯುವ ಶೆಡ್ಡಿಗೆ ಹೋಗಿ ಉಣ್ಣಲು ಅಲ್ಲಿ ಸೇರುವ ಎಲ್ಲ ಕೆಲಸದ ಹೆಂಗಸರ ನಡುವೆ ಕೂತು, ಇಂಗ್ಲಿಷಿನ ಪ್ರಶ್ನೆಗಳನ್ನು ಒಬ್ಬರಿಗೆ ಕೊಂಕಣಿಯಲ್ಲಿ, ಒಬ್ಬರಿಗೆ ಕನ್ನಡದಲ್ಲಿ ಕೇಳುತ್ತ ಬಂದಳು.

“ಪೂರ್ತಿ ಒಪ್ಪತೇನಿ, ಒಪ್ಪತೇನಿ, ಎರಡೂ ಅಲ್ಲ, ಒಪ್ಪೂದಿಲ್ಲ, ಬಿಲ್ಕುಲ್ ಒಪ್ಪೂದಿಲ್ಲ. ಇದರಾಗ ಒಂದ ಹೇಳ್ರಿ.”

“ಎರಡೂ ಅಲ್ಲ ಅಂದ್ರ ಏನ ನೀಲೂ?” ಎಂದಳು ಅಸ್ಮಾ, ರೊಟ್ಟಿ ಮುರಿಯುತ್ತ. “ಗದ್ದಿ ಕೆಲಸಕ್ಕ ಹೋಗ್ತೀಯೇನ ಅಂದ್ರ ನಮ್ಮ ಮನಿಯಂವಾ ಹಿಂಗ ನೋಡ, ಹೂನ್ನೂ ಅನ್ನೂದಿಲ್ಲ, ಊಹೂಂನೂ ಅನ್ನೂದಿಲ್ಲ.”

ಎಲ್ಲರೂ ನಕ್ಕರು. ನಕ್ಕ ಮೇಲೆ ಎಲ್ಲರೂ ಅದನ್ನೇ ಹಿಡಿದರು. ಸಂಬಳ? ಎರಡೂ ಅಲ್ಲ. ರಜೆ? ಎರಡೂ ಅಲ್ಲ. ಹೆಸರು? ಬ್ಯಾಡವಾ, ಬಿಡು. ಮೂವತ್ತು ಫಾರಂಗಳು ಹೀಗೇ ನಡುವಿನ ಕಾಲಮ್ಮಿನಲ್ಲಿ ತುಂಬಿದವು.

ಮೂವತ್ತೊಂದನೆಯದು ಕಾತರಿನಾಳದು. ಅವಳು ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ನೆಟ್ಟಗೆ ಕೂತಳು.

“ಮೊದಲ ಹೆಸರ ಬರಿ. ಕಾತರಿನಾ ಅಂತೋನಿ ಸಿದ್ದಿ.”

“ಹೆಸರ ಬ್ಯಾಡ ಅಂದ್ರ ಬಿಡಬಹುದು ಮಾವಶಿ.”

“ಯಾಕ ಬಿಡಬೇಕ? ನೀರಿನ ಪೈಪಿಂದು ಪಂಚಾಯ್ತಿಗೆ ಅರ್ಜಿ ಕೊಟ್ಟಾಗ ಏನಾತು? ಎಲ್ಲಾರೂ ಹೆದರಿ ಹೆಸರ ಹಾಕಲಿಲ್ಲ. ಹೆಸರಿಲ್ಲದ ಅರ್ಜಿ ತಗೊಳ್ಳೂದಿಲ್ಲ ಅಂತ ಹೊಳ್ಳಿ ಕೊಟ್ರು. ನಾ ಹೆಸರ ಹಾಕಿ ಕೊಟ್ಟೆ, ಪೈಪ್ ಬಂತು.”

ಇದು ಅರ್ಜಿ ಅಲ್ಲ ಎಂದು ನೀಲಂ ಹೇಳಬೇಕಿತ್ತು. ಇದು ಎಲ್ಲಿಗೂ ಹೋಗುವ ಕಾಗದವಲ್ಲ, ಕಾಲೇಜಿನ ಕಪಾಟಿಗೆ ಹೋಗುತ್ತದೆ ಎಂದು. ಆದರೆ ಒಂದಾದರೂ ಖರೇ ಹೆಸರು, ಖರೇ ಉತ್ತರ ಇರುವ ಫಾರಂ ಸಿಕ್ಕಿತೆಂದು ಅವಳಿಗೆ ಒಳಗೇ ಖುಷಿಯಾಯಿತು. ಬರೆದಳು.

ಕಾತರಿನಾ ಒಂದೊಂದಾಗಿ ಹೇಳಿದಳು. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಹಾಸಿಗೆ ಬಟ್ಟೆ ತಿಕ್ಕಿ ಬೆರಳ ಸಂದುಗಳು ಒಡೆದಿವೆ, ಮನೆಯಲ್ಲಿ ಖಾರ ಕಲಸಲು ಬರುವುದಿಲ್ಲ. ರಬ್ಬರ್ ಗ್ಲೌಸು ಸ್ಟೋರಿನಲ್ಲಿ ಪ್ಯಾಕೆಟ್ಟುಗಟ್ಟಲೆ ಇದೆ. ಮೇಲಿನ ಆಫೀಸಿನವರು ಬರುವ ದಿನ ಮ್ಯಾನೇಜರ್ ಸಾಹೇಬರು ಕೊಡುತ್ತಾರೆ, ಫೋಟೋ ಹೊಡೆಯುತ್ತಾರೆ, ಸಂಜೆಗೆ ಎಣಿಸಿ ವಾಪಸ್ ತೆಗೆದುಕೊಳ್ಳುತ್ತಾರೆ. ಫಾರಮ್ಮಿನ ಜಾಗ ಸಾಲದೆ ನೀಲಂ ಹಿಂಬದಿಗೂ ಬರೆದಳು. ಕೆಳಗೆ ಕಾತರಿನಾ ತಾನೇ ಸಹಿ ಮಾಡಿದಳು. ಒಂದೊಂದು ಅಕ್ಷರಕ್ಕೂ ಪೆನ್ನನ್ನು ಎತ್ತಿ ಎತ್ತಿ ಇಟ್ಟು.

ಉಳಿದ ಒಂಬತ್ತೂ ತುಂಬಿ ಪ್ರಾಜೆಕ್ಟ್ ಮುಗಿಯಿತು. ಸಹಿಗೆ ಒಯ್ದಾಗ ದುಂಡೇಶ ಪುಟ ತಿರುವಿದ. ಬಣ್ಣಬಣ್ಣದ ಚಾರ್ಟುಗಳನ್ನು ನೋಡಿ ತಲೆದೂಗಿದ.

“ಮಸ್ತ ಮಾಡೀ. ಫಾರಂ ಎಲ್ಲಿ ಅದಾವ?”

“ಅವನ್ನ ಕಾಲೇಜಿಗೆ ಹಚ್ಚಬೇಕ್ರಿ ಸರ್.”

“ಹಚ್ಚು, ಯಾರ ಬ್ಯಾಡಂದ್ರು? ನಮ್ಮ ಮಂದಿ ತುಂಬಿದ್ದು, ನಾ ನೋಡದ ಸಿಕ್ಕಾ ಒತ್ತಲೇನ? ನಾಳೆ ಎಲ್ಲಾ ತಗೊಂಡ ಬಾ.”

ನಾಡಿದ್ದು ಕೊನೆಯ ದಿನ. ನೀಲಂ ಸಂಜೆ ಝೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ನಲವತ್ತು ಫಾರಂ ತೊಡೆಯ ಮೇಲಿಟ್ಟುಕೊಂಡು ಕೂತಳು. ತನ್ನ ಪ್ರಾಜೆಕ್ಟಿನ ಹೆಸರು ಬದಲಿಸಲು ಬಂದಿದ್ದ ಸಹಪಾಠಿ ರೋಹಿತ ಅವಳ ಮುಖ ನೋಡಿ ವಿಷಯ ಕೇಳಿದ.

“ಅಷ್ಟ ಹೌದಲ್ಲ? ಆ ಒಂದ ಫಾರಂ ತಗದ ಹಾಕು. ಖಾಲಿದ ಒಂದ ಕೊಡ, ನಾ ತುಂಬತೇನಿ. ನನ್ನ ಅಕ್ಷರ ಕಾಗಿ ಕಾಲ, ಮಧುಮತಿ ಮೇಡಂಗ ಅನುಮಾನನ ಬರೂದಿಲ್ಲ.”

“ಅದು ಸುಳ್ಳ ಆಗ್ತೈತಿ.”

“ಹರಿಶ್ಚಂದ್ರನ ಮೊಮ್ಮಗಳ ನೋಡ! ನಿಮ್ಮ ಮಾವಶಿ ಕೆಲಸಾ ಹೋದ್ರ?”

ನೀಲಂ ಬ್ಯಾಗಿಗೆ ಕೈ ಹಾಕಿದಳು. ಬ್ಯಾಗಿನಲ್ಲಿ ಖಾಲಿ ಫಾರಂಗಳಿದ್ದವು. ಒಂದನ್ನು ಹೊರಗೂ ತೆಗೆದಳು. ಮೇಡಂ ಅಂದ ಮಾತು ನೆನಪಾಯಿತು. ಎಚ್‌ಆರ್ ಪೇಪರಿನಲ್ಲಿ ಅಹವಾಲುಗಳ ನಿರ್ವಹಣೆ ಎಂಬ ಪ್ರಶ್ನೆಗೆ ತಾನು ನಾಲ್ಕು ಪುಟ ಬರೆದದ್ದು ನೆನಪಾಯಿತು: ಕೆಳಗಿನವರ ದೂರು ಮೇಲಿನವರಿಗೆ ಮುಟ್ಟಿದಾಗಲೇ ಸಂಸ್ಥೆ ಸುಧಾರಿಸುತ್ತದೆ. ಅದಕ್ಕೆ ಇಡೀ ಕ್ಲಾಸಿನಲ್ಲಿ ಹೆಚ್ಚು ಅಂಕ ಅವಳಿಗೆ ಬಿದ್ದಿತ್ತು. ದುಂಡೇಶ ಸರ್ ಕೂಡ ಇದನ್ನೇ ಓದಿದವರಲ್ಲವೇ? ಓದಿದವರಿಗೆ ತಿಳಿಯದೇ ಇರುತ್ತದೆಯೇ? ಖಾಲಿ ಫಾರಮ್ಮನ್ನು ಮತ್ತೆ ಬ್ಯಾಗಿಗೆ ಹಾಕಿದಳು.

ಮರುದಿನ ದುಂಡೇಶ ಫಾರಂಗಳನ್ನು ಒಂದೊಂದಾಗಿ ತಿರುವಿದ. ಮೂವತ್ತೊಂದನೆಯದನ್ನು ಓದಿ, ಮಗುಚಿ ಹಿಂಬದಿಯನ್ನೂ ಓದಿದ. ಸಹಿ ಮಾಡಿ ಮೊಹರು ಒತ್ತಿ, “ಚಾ ಕುಡದ ಹೋಗು,” ಎಂದ.

ಮುಂದಿನ ಸೋಮವಾರ ಟೆಂಪೋ ವಾಡೆಗೆ ಬಂದಾಗ ಡ್ರೈವರ್ ಇಳಿದು, “ಕಾತರಿನಾಬಾಯಿ, ನೀ ಹತ್ತಬ್ಯಾಡ. ಸಾಹೇಬರು ಹೇಳ್ಯಾರ,” ಎಂದ. ಒಳಗೆ ಕೂತ ಹೆಂಗಸರು ಆಚೆ ಕಡೆಯ ಕಿಟಕಿಯಲ್ಲಿ ನೋಡತೊಡಗಿದರು. ಕಾತರಿನಾ ಬುತ್ತಿ ಹಿಡಿದುಕೊಂಡು ಟೆಂಪೋ ತಿರುವು ದಾಟುವ ತನಕ ಅಲ್ಲೇ ನಿಂತಿದ್ದಳು.

ಅದೇ ವಾರ ಮೌಖಿಕ ಪರೀಕ್ಷೆ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಮೂವತ್ತೊಂದನೆಯ ಫಾರಮ್ಮಿನ ಮೇಲೆ ಬೆರಳಿಟ್ಟು, “ಇದು ನೋಡಿ, ಅಸಲಿ ಫೀಲ್ಡ್ ವರ್ಕ್,” ಎಂದರು. ಮಧುಮತಿ ಮೇಡಂ ಹೆಮ್ಮೆಯಿಂದ ನಕ್ಕರು. ನೀಲಂಗೆ ನೂರಕ್ಕೆ ತೊಂಬತ್ತಾರು ಬಿತ್ತು.

ಅಂಕ ಗೊತ್ತಾದ ದಿನವೇ ಅವಳು ರಿಸಾರ್ಟಿಗೆ ಹೋದಳು. ದುಂಡೇಶ ಸಿಟ್ಟಾಗಲಿಲ್ಲ, ಕುರ್ಚಿ ತೋರಿಸಿದ.

“ಮಾವಶಿನ್ನ ಹೊಳ್ಳಿ ತಗೋರಿ ಸರ್. ತಪ್ಪ ನಂದ. ಗುಪ್ತ ಇಡ್ತೇನಿ ಅಂತ ಬರದಾಕಿ ನಾ.”

“ನೀನ ಬರದಿಯಲ್ಲ, ಆಕಿಗೆ ಇಲ್ಲೆ ಸಮಾಧಾನ ಇಲ್ಲ ಅಂತ. ಸಮಾಧಾನ ಇಲ್ದವರನ್ನ ಹಿಡದ ಇಟ್ಕೊಂಡ್ರ ಆಕಿಗೂ ತ್ರಾಸ, ನಮಗೂ ತ್ರಾಸ.”

“ಗ್ಲೌಸ್ ಕೇಳಿದ್ಲು ಸರ್. ಅಷ್ಟ.”

“ಗ್ಲೌಸ್ ಕೇಳಿದ್ರ ಕೊಡ್ತಿದ್ದೆ. ನನ್ನ ಮ್ಯಾಲೆ ಬರಸ್ಯಾಳ. ನಾಳೆ ಆ ಪುಸ್ತಕ ಮ್ಯಾಲಿನ ಆಫೀಸಿನವರ ಕೈಗೆ ಸಿಕ್ಕರ?” ಅವನು ಪೇಪರ್‌ವೇಟ್ ತಿರುಗಿಸಿದ. “ಅದಿರಲಿ. ನಿನಗೊಂದು ಮಾತು. ಆರ ವರ್ಷ ಆತು ನಾ ಇಲ್ಲಿ. ಒಬ್ಬಾಕಿನೂ ನನ್ನ ಮುಂದ ಬಾಯಿ ಬಿಟ್ಟಿಲ್ಲ. ನಿನ್ನ ಮುಂದ ಬಿಟ್ರು. ಎಚ್‌ಆರ್ ಅಸಿಸ್ಟಂಟ್ ಅಂತ ಬಾ. ಒಂದನೇ ತಾರೀಖಿಗೆ. ನಮ್ಮ ಮಂದಿ ಏನ ವಿಚಾರ ಮಾಡ್ತಾರ ಅನ್ನೂದು ನನಗ ಗೊತ್ತಾಗಬೇಕ.”

“ನಾ ಬಂದ್ರ ಮಾವಶಿನ್ನ ತಗೋತೀರೇನ್ರಿ?”

“ಅದ ಬ್ಯಾರೆ, ಇದ ಬ್ಯಾರೆ,” ಎಂದ ದುಂಡೇಶ.

ಮನೆಗೆ ಬಂದಾಗ ಕಾತರಿನಾ ಹಿತ್ತಲಿನಲ್ಲಿ ಉರುವಲು ಕಡಿಯುತ್ತಿದ್ದಳು. ನೀಲಂ ನಡೆದದ್ದನ್ನೆಲ್ಲ ಹೇಳಿದಳು. ಕಾತರಿನಾ ಕೊಡಲಿ ನಿಲ್ಲಿಸಲಿಲ್ಲ.

“ಎಲ್ಲಾ ಓದಿದ್ನೇನ ಅಂವಾ? ಹಿಂದಿಂದೂ?”

“ಓದಿದಾ.”

“ಉಳದವರಿಗೆ ಗ್ಲೌಸ್ ಕೊಟ್ಟಾನೇನ?”

“ಇಲ್ಲ.”

ಕಾತರಿನಾ ಇನ್ನೆರಡು ಕಟ್ಟಿಗೆ ಸೀಳಿದಳು. ಆಮೇಲೆ ಕೊಡಲಿಯನ್ನು ಕೊರಡಿಗೆ ಕಚ್ಚಿಸಿ ಬೆವರು ಒರೆಸಿಕೊಂಡಳು.

“ಕೆಲಸಕ್ಕ ಹೋಗು,” ಎಂದಳು. “ಮನ್ಯಾಗ ಇಬ್ಬರೂ ಕುಂತ ಏನ ಮಾಡೂಣು? ಇಷ್ಟ ಕಲಿಸಿದ್ದು ಸುಮ್ಮನ ಅಲ್ಲ.”

“ಅಂವಾ ಯಾಕ ಕರ್ಯಾಕತ್ತಾನ ಅಂತ ಹೇಳಿದೆನಲ್ಲ ಮಾವಶಿ.”

“ಹೇಳಿದಿ. ತಿಳೀತು.” ಕಾತರಿನಾ ಬಾಗಿ ಕಟ್ಟಿಗೆ ಆರಿಸತೊಡಗಿದಳು. ಮುಖ ಎತ್ತಲಿಲ್ಲ. “ಹೋಗು. ಆದ್ರ ನಮ್ಮ ಹೆಣಮಕ್ಕಳನ್ನ ಏನೂ ಕೇಳಬ್ಯಾಡ.”

ಒಂದನೆಯ ತಾರೀಖು ನೀಲಂ ಕೊರಳಿಗೆ ಫೋಟೋದ ಕಾರ್ಡು ಹಾಕಿಕೊಂಡು ಕೆಲಸಕ್ಕೆ ಹಾಜರಾದಳು. ಆಫೀಸಿನಲ್ಲಿ ಒಂದು ಮೇಜು, ಒಂದು ರಜಿಸ್ಟರು ಕೊಟ್ಟರು. ಮಧ್ಯಾಹ್ನ ಊಟದ ಬಿಡುವಿಗೆ ಕಾಲುಗಳು ತಾವಾಗಿಯೇ ಒಗೆಯುವ ಶೆಡ್ಡಿನ ಕಡೆ ನಡೆದವು. ಒಳಗಿನ ಮಾತು, ನಗು ಹೊರಗಿನವರೆಗೆ ಕೇಳುತ್ತಿತ್ತು. ಅವಳು ಬಾಗಿಲಲ್ಲಿ ಕಂಡದ್ದೇ ಎಲ್ಲ ನಿಂತಿತು. ಬುತ್ತಿ ಬಿಚ್ಚಿ ಕೂತಿದ್ದ ಹೆಂಗಸರು ಎದ್ದು ನಿಂತರು.

“ಬರ್ರಿ ಮೇಡಂ,” ಎಂದಳು ಅಸ್ಮಾ.

ಯಾರಾದರೂ ನಕ್ಕಾರೆಂದು ನೀಲಂ ಕಾದಳು. ಯಾರೂ ನಗಲಿಲ್ಲ.

“ಉಂಡ್ರೇನ ಎಲ್ಲಾರೂ?” ಎಂದಳು.

“ಹೂನ್ರಿ ಮೇಡಂ,” ಎಂದಳು ಅಸ್ಮಾ, ಮುರಿಯದ ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚುತ್ತ. “ನಮಗ ಇಲ್ಲೆ ಎಲ್ಲಾ ಚೊಲೊ ಐತ್ರಿ. ಏನೂ ಕಮ್ಮಿ ಇಲ್ರಿ.”