ತಗಡಿನ ರೆಕ್ಕೆ

ಡೆಲ್ಬರ್ಟ್ ಫಾಸ್ ಮಾತಿನ ಮಧ್ಯೆ ಎರಡೂ ಕೈ ಅಗಲಿಸಿದನೆಂದರೆ ಅಕ್ಕಪಕ್ಕದವರು ತಮ್ಮ ಬಿಯರ್ ಬಾಟಲಿಗಳನ್ನು ದೂರ ಸರಿಸಿಕೊಳ್ಳಬೇಕಿತ್ತು. ಹಿಡಿದ ಮೀನು, ಹೊಡೆದ ಎಲ್ಕ್ ಕಡವೆಯ ಕೊಂಬು, ಲಾರಿ ಇಂಜಿನ್ನಿನೊಳಗೆ ಸುರುಳಿ ಸುತ್ತಿಕೊಂಡಿದ್ದ ಹಾವು, ಎಲ್ಲಕ್ಕೂ ಅವನ ಅಳತೆ ಒಂದೇ: ಎರಡು ಕೈ ಪೂರ್ತಿ ಅಗಲ. ಅದೂ ಸಾಲದಿದ್ದರೆ ಪಕ್ಕದವನ ಒಂದು ಕೈಯನ್ನು ಸಾಲ ತೆಗೆದುಕೊಳ್ಳುತ್ತಿದ್ದ. ಮೊಂಟಾನಾದ ಆ ಕಣಿವೆಯಲ್ಲಿ ಅವನ ಬಡಾಯಿ ಕೇಳದ ಮನುಷ್ಯನಿರಲಿಲ್ಲ. ಕಿವುಡರು ಕೂಡ ಕೈ ನೋಡಿಯೇ ನಗುತ್ತಿದ್ದರು.

ಅವನ ಬಡಾಯಿಗೆಲ್ಲ ಕಳಶವೆಂದರೆ ಅವನ ಟ್ರೇಲರ್, ಪಿಕಪ್ಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ. ಹದಿನೆಂಟು ಅಡಿಯ ಆ ಡಬ್ಬಿಯನ್ನು ಅವನು ಅರಮನೆಯೆಂದೇ ಕರೆಯುತ್ತಿದ್ದ. ಅದರ ಗ್ಯಾಸ್ ಹೀಟರಿಗೆ ಇಪ್ಪತ್ತು ವರ್ಷ ವಯಸ್ಸಾಗಿತ್ತು. ಅದರ ಮುಂದೆ ಕೂತರೆ ಮುದುಕರಿಗೆ ಮೀಸೆ ಹೊಸದಾಗಿ ಮೂಡುತ್ತದೆ ಎಂದು ಅವನು ಪ್ರಮಾಣ ಮಾಡಿ ಹೇಳುತ್ತಿದ್ದ.

ಈ ನವೆಂಬರಿನಲ್ಲಿ ಅಕ್ಕ ಜೋಲೀನಳ ಅಡುಗೆಮನೆಯಲ್ಲಿ ನಿಂತೂ ಅದನ್ನೇ ಹೇಳಿದ. ಅಲ್ಲಿ ಮಾತ್ರ ಯಾರೂ ನಗಲಿಲ್ಲ.

"ಅವರಿಗೆ ನ್ಯುಮೋನಿಯಾ ವಾಸಿಯಾಗಿ ಇನ್ನೂ ಆರು ವಾರ ಆಗಿಲ್ಲ," ಅಂದಳು ಜೋಲೀನ್, ಗಂಡ ರಾಯ್ಸ್‌ನ ಉಣ್ಣೆ ಕಾಲುಚೀಲಗಳನ್ನು ಒಂದೊಂದಾಗಿ ಮಡಚುತ್ತ. "ಥಂಡಿ ತಗಲಲೇಬಾರದು ಅಂದಿದಾರೆ ಡಾಕ್ಟ್ರು. ಈ ಸಲ ಬೇಟೆ ಬಿಟ್ಟುಬಿಡ್ರೋ ಅಂದ್ರೆ ಇಬ್ಬರೂ ಕೇಳಲ್ಲ."

"ಥಂಡಿನಾ? ನನ್ನ ಟ್ರೇಲರಲ್ಲಾ? ಅಕ್ಕ, ಹೋದ ವರ್ಷ ನಾನು ಬಾಗಿಲು ತೆಗೆದಾಗ ಒಳಗಿನ ಶೆಖೆ ಹೊಡೆದು ಹೊರಗೆ ಹಿಮದಲ್ಲಿ ಹುಲ್ಲು ಚಿಗುರ್ತು."

"ಲೋ ಡೆಲ್, ತಮಾಷೆ ಸಾಕು. ಅವರ ಮೈ ಒಂದೇ ಒಂದು ಸಲ ತಣ್ಣಗಾದ್ರೂ ನಿನ್ನನ್ನ ಈ ಹೊಸ್ತಿಲು ತುಳಿಯೋಕೆ ಬಿಡಲ್ಲ."

"ತಣ್ಣಗಾಗೋಕೆ ಬಿಡಲ್ಲಕ್ಕ. ಬೆಚ್ಚಗೆ ಕರ್ಕೊಂಡು ಹೋಗಿ ಬೆಚ್ಚಗೇ ತಂದು ಬಿಡ್ತೀನಿ. ಅಮ್ಮನಾಣೆ."

ಅವರಮ್ಮ ಸತ್ತು ಹನ್ನೊಂದು ವರ್ಷವಾಗಿತ್ತು. ಅವಳ ಆಣೆಯನ್ನು ಡೆಲ್ಬರ್ಟ್ ಮೀನಿನ ವಿಷಯಕ್ಕೆ ಎಂದೂ ಬಳಸಿದವನಲ್ಲ. ಆದ್ದರಿಂದ ಜೋಲೀನ್ ಕಾಲುಚೀಲಗಳನ್ನು ಚೀಲಕ್ಕೆ ತುಂಬಿ ಅವನ ಕೈಗೆ ಕೊಟ್ಟಳು.

ಕಾಡಿನ ದಾರಿ ಮುಗಿಯುವಲ್ಲಿ, ಪೈನ್ ಮರಗಳ ನಡುವಿನ ಬಯಲಿನಲ್ಲಿ ಟ್ರೇಲರ್ ನಿಲ್ಲಿಸಿದ ಮೇಲೆ ರಾಯ್ಸ್ ಪಿಕಪ್ಪಿನ ಹಿಂಭಾಗವನ್ನೆಲ್ಲ ಇಣುಕಿ ನೋಡಿದ. ಮಾತು ಕಡಿಮೆಯ, ನೆಟ್ಟಗಿನ ಮನುಷ್ಯ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು, ಇಳಿಯುವ ಮುಂಚೆ ಎಲ್ಲ ಸೀಟನ್ನೂ ತಡವಿ ನೋಡುವ ಅಭ್ಯಾಸ.

"ಜನರೇಟರ್ ಕಾಣಿಸ್ತಿಲ್ವಲ್ಲೋ?"

"ಇಳಿಸಿಬಿಟ್ಟೆ ಭಾವ. ಮಾಂಸ ತರೋಕೆ ಜಾಗ ಬೇಡ್ವಾ? ನೀನು ಈ ಸಲ ಆನೆಯಷ್ಟು ದೊಡ್ಡದನ್ನ ಹೊಡೆಯೋನು."

"ಎರಡು ಬ್ಯಾಟರಿ ಸಾಕಾ?"

"ಸಾಕಾ ಅಂತೀಯಲ್ಲ! ಈ ಎರಡರಲ್ಲಿ ಒಂದೂರಿಗೆ ಬೆಳಕು ಕೊಡಬಹುದು. ಪೋಸ್ಟಾಫೀಸಿಗೆ ಬೇರೆ."

ಆ ಕಾಡಿಗೆ ಟ್ರೇಲರ್ ಎಳೆದುಕೊಂಡು ಬರುವ ಪ್ರತಿಯೊಬ್ಬ ಬೇಟೆಗಾರನಿಗೂ ಒಂದು ಸಂಗತಿ ಬಾಯಿಪಾಠ: ಗ್ಯಾಸ್ ಮುಗಿಯುವುದಿಲ್ಲ, ಬ್ಯಾಟರಿ ಮುಗಿಯುತ್ತದೆ. ಸಿಲಿಂಡರುಗಳು ಎರಡು ತುಂಬಿ ನಿಂತಿದ್ದರೂ ಬಿಸಿಗಾಳಿಯನ್ನು ನೂಕುವುದಕ್ಕೆ ಫ್ಯಾನು ತಿರುಗಬೇಕು, ಫ್ಯಾನಿಗೆ ಬ್ಯಾಟರಿ ಬೇಕು. ಆ ಫ್ಯಾನು ಬ್ಯಾಟರಿಯನ್ನು ಕುಡಿಯುವ ಪರಿ ನೋಡಿದರೆ ಊರಿನ ಕುಡುಕರೆಲ್ಲ ನಾಚಿ ಹಾಲಿಗಿಳಿಯಬೇಕು. ಡೆಲ್ಬರ್ಟ್ ಮೆಕ್ಯಾನಿಕ್. ಇದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ದಿನಕ್ಕೆರಡು ಸಲ ಪಿಕಪ್ಪಿನ ಇಂಜಿನ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳುವುದೆಂದು ಲೆಕ್ಕ ಹಾಕಿದ್ದ.

ಹಿಮಗಾಳಿ ಬಂದದ್ದು ಮೊದಲ ಸಂಜೆಗೇ. ಸೊನ್ನೆಗಿಂತ ಇಪ್ಪತ್ತೈದು ಕೆಳಗೆ. ಉಗುಳಿದ್ದು ನೆಲ ಮುಟ್ಟುವ ಮೊದಲೇ ಗೋಲಿಯಾಗಿ ಉರುಳಿ ಹೋಗುತ್ತಿತ್ತು. ಬೆಳಿಗ್ಗೆ ಹೊರಗೆ ಬಂದ ಡೆಲ್ಬರ್ಟ್ ಒಂದು ಬೈಗುಳ ಬೈದ. ಅದು ಅಲ್ಲೇ ಹೆಪ್ಪುಗಟ್ಟಿ ಗಾಳಿಯಲ್ಲಿ ನೇತುಬಿತ್ತು, ವಸಂತದಲ್ಲಿ ಕರಗಿದಾಗ ಆ ದಾರಿಯಲ್ಲಿ ಹೋದ ಪಾದ್ರಿಯೊಬ್ಬರ ಕಿವಿಗೆ ಬಿದ್ದಿರಬೇಕು. ಬೈದದ್ದಕ್ಕೆ ಕಾರಣವಿತ್ತು. ಪಿಕಪ್ ಸ್ಟಾರ್ಟ್ ಆಗಲಿಲ್ಲ. ತಗ್ಗಿನ ಊರಲ್ಲಿ, ಬಿಸಿಲಿನ ದಿನ ತುಂಬಿಸಿದ ಡೀಸೆಲ್ಲು ಟ್ಯಾಂಕಿನಲ್ಲಿ ಗಂಜಿಯಾಗಿ ಕೂತಿತ್ತು. ದಾರಿಯ ಮೇಲೆ ಎದೆಮಟ್ಟ ಹಿಮ. ಫೋನಿಗೆ ಸಿಗ್ನಲ್ ಆ ಕಣಿವೆಯಲ್ಲಿ ಯಾವತ್ತೂ ಇದ್ದದ್ದಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಹೀಟರಿನ ದನಿ ಬದಲಾಯಿತು. ಫ್ಯಾನು ತಿರುಗುತ್ತಿತ್ತು, ಮುದುಕ ಮೆಟ್ಟಿಲು ಹತ್ತುವ ಹಾಗೆ. ಆದರೆ ಬೆಂಕಿ ಹೊತ್ತಿಕೊಳ್ಳುತ್ತಿರಲಿಲ್ಲ. ಜಾಲರಿಯಿಂದ ಬರುತ್ತಿದ್ದದ್ದು ತಣ್ಣನೆಯ ಗಾಳಿ.

ರಾಯ್ಸ್ ಎರಡು ಕಂಬಳಿ ಹೊದ್ದು ಮೇಜಿನ ಮುಂದೆ ಕೂತಿದ್ದ, ಇಸ್ಪೀಟು ಹಂಚುತ್ತ. ಅವನ ಕಾಲ ಬಳಿ ಪಿಕಲ್ ಎಂಬ ಮುದಿ ನಾಯಿ. ರಾಯ್ಸ್ ಒಂದು ಸಲ ಕೆಮ್ಮಿದ. ಡೆಲ್ಬರ್ಟ್ ಹೀಟರಿನ ಹತ್ತಿರ ಬಂದು ಕಿವಿಗೊಟ್ಟ. ಅದು ಎದೆಯ ತಳದಿಂದ ಬಂದ ಕೆಮ್ಮು.

"ಏನೂ ಇಲ್ಲ ಭಾವ. ರೆಕ್ಕೆ ಏಳ್ತಿಲ್ಲ, ಅಷ್ಟೇ."

ಹೀಟರಿನೊಳಗೆ ಬೆರಳಿನಷ್ಟು ಅಗಲದ ಒಂದು ತಗಡಿನ ರೆಕ್ಕೆ ಇರುತ್ತದೆ. ಫ್ಯಾನಿನ ಗಾಳಿ ಜೋರಾಗಿ ಬೀಸಿ ಅದನ್ನು ಎತ್ತಿದರೆ ಮಾತ್ರ ಗ್ಯಾಸು ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಸೊರಗಿದಾಗ ಗಾಳಿ ಸೊರಗುತ್ತದೆ, ರೆಕ್ಕೆ ಏಳುವುದಿಲ್ಲ, ಹೀಟರ್ ಮುಷ್ಕರ ಹೂಡುತ್ತದೆ. ಆ ಬೇಟೆ ಬಯಲುಗಳಲ್ಲಿ ಇದಕ್ಕೊಂದು ಮದ್ದನ್ನು ಅಪ್ಪಂದಿರು ಮಕ್ಕಳಿಗೆ ಹೇಳಿಕೊಟ್ಟಿರುತ್ತಾರೆ: ರೆಕ್ಕೆಯ ಎರಡು ವೈರು ಬಿಚ್ಚಿ, ನಡುವೆ ತುಂಡು ವೈರೊಂದನ್ನು ಸಿಕ್ಕಿಸಿಬಿಡು. ರೆಕ್ಕೆ ಎದ್ದಿದೆಯೆಂದು ಹೀಟರ್ ನಂಬುತ್ತದೆ. ಹೀಟರಿಗೆ ಹೇಳುವ ಸುಳ್ಳು ಅದು. ಸುಳ್ಳಿನಲ್ಲಿ ಡೆಲ್ಬರ್ಟನನ್ನು ಮೀರಿಸಿದವರು ಯಾರು?

ಅವನು ಜಾಲರಿ ಬಿಚ್ಚಿ, ಮಂಡಿಯೂರಿ ಕೂತು, ಡ್ರಾಯರಿನಲ್ಲಿ ಸಿಕ್ಕ ವೈರಿನ ತುಂಡನ್ನು ಹಲ್ಲಿನಿಂದ ಸುಲಿದು ಸಿಕ್ಕಿಸಿದ. ಟಿಕ್ ಟಿಕ್ ಎಂದಿತು. ಭಗ್ ಎಂದು ನೀಲಿ ಬೆಂಕಿ.

"ಎಲಾ ಇವನ!" ಅಂದ ರಾಯ್ಸ್.

"ಡಾಕ್ಟ್ರಿಗೆ ಹೇಳು ಭಾವ, ಭಾಮೈದ ಸತ್ತ ಹೀಟರಿಗೆ ಜೀವ ಕೊಟ್ಟ ಅಂತ."

"ಆ ರೆಕ್ಕೆನ ಸುಮ್ನೆ ಇಟ್ಟಿರಲ್ಲ ಕಣೋ, ಮಾಡಿದೋರು."

"ಮಾಡಿದೋರು ಫ್ಲೋರಿಡಾದಲ್ಲಿ ಚಡ್ಡಿ ಹಾಕ್ಕೊಂಡು ಕೂತಿರ್ತಾರೆ. ಅವರಿಗೇನು ಗೊತ್ತು ಥಂಡಿ?"

ಒಂದು ಸಂಗತಿ ಡೆಲ್ಬರ್ಟನ ತಲೆಯಲ್ಲಿ ಇದ್ದೇ ಇತ್ತು, ಆದರೆ ಕೆಮ್ಮಿನ ಕೆಳಗೆ ಸಿಕ್ಕಿಬಿದ್ದಿತ್ತು. ಆ ಹೀಟರಿನಲ್ಲಿ ಮೋಟಾರ್ ಒಂದೇ, ಫ್ಯಾನು ಎರಡು. ಒಂದು ಬಿಸಿಗಾಳಿಯನ್ನು ಒಳಕ್ಕೆ ನೂಕುವುದು, ಇನ್ನೊಂದು ಹೊಗೆಯನ್ನು ಹೊರಕ್ಕೆ ಎಸೆಯುವುದು. ಒಂದು ಸೊರಗಿದರೆ ಎರಡೂ ಸೊರಗಿದ ಹಾಗೆ. ಹೊರಗಡೆ ಹೊಗೆ ಹೋಗುವ ಕಿಂಡಿಯ ಮೇಲೆ ಗಾಳಿ ಹಿಮವನ್ನು ಗೋಡೆಯಂತೆ ಪೇರಿಸುತ್ತಿತ್ತು. ಒಳಗಡೆ ಅವರಿಬ್ಬರೂ ಬೆಳಿಗ್ಗೆಯೇ ಚಾವಣಿಯ ಕಿಂಡಿಗೆ ದಿಂಬು ತುರುಕಿ, ಕಿಟಕಿಗಳಿಗೆಲ್ಲ ಟೇಪು ಹಚ್ಚಿ, ಒಂದು ತೊಟ್ಟು ಬಿಸಿಯೂ ಸೋರದಂತೆ ಮಾಡಿದ್ದರು. ಗಾಳಿ ಸಾಲದೆ ಕೆಂಪಗೆ ಕಾದ ಹೀಟರಿನ ಉಕ್ಕಿನ ಒಡಲು, ಕಣ್ಣಿಗೆ ಕಾಣದಷ್ಟು ಸಣ್ಣಗೆ, ಸೀಳಿಕೊಂಡಿತು; ಬಣ್ಣವಿಲ್ಲದ, ವಾಸನೆಯಿಲ್ಲದ ವಿಷದ ಹೊಗೆ ಒಳಗೇ ಸೋರತೊಡಗಿತು.

ಟ್ರೇಲರ್ ಬೆಚ್ಚಗಾಯಿತು. ರಾಯ್ಸ್ ಒಂದು ಕಂಬಳಿ ತೆಗೆದ, ಆಮೇಲೆ ಇನ್ನೊಂದು. ಕೆನ್ನೆಗೆ ಬಣ್ಣ ಬಂತು. ಎರಡು ಆಟ ಸತತವಾಗಿ ಗೆದ್ದ.

ಬಾಗಿಲ ಬಳಿ, ನೆಲದಿಂದ ಗೇಣು ಮೇಲೆ, ಗ್ಯಾಸು ಸೋರಿದರೆ ಅಥವಾ ವಿಷದ ಹೊಗೆ ಸೇರಿದರೆ ಎಚ್ಚರಿಸುವ ಅಲಾರಮ್ಮಿನ ಡಬ್ಬಿ ಇತ್ತು. ಅದೂ ಅದೇ ಬ್ಯಾಟರಿಯ ಮಗು. ಬ್ಯಾಟರಿ ಇಳಿದಾಗ ಅದು ನಿಮಿಷಕ್ಕೊಂದು ಸಲ ಚಿಂವ್ ಎನ್ನುವುದು ಎಲ್ಲ ಟ್ರೇಲರಿನವರಿಗೂ ಗೊತ್ತಿದ್ದ ಕಿರಿಕಿರಿ. ಮಧ್ಯಾಹ್ನದಿಂದ ಅದು ಚಿಂವ್ ಅನ್ನುತ್ತಲೇ ಇತ್ತು.

"ಡೆಲ್, ಈಗ ಅದು ನಾಲ್ಕು ನಾಲ್ಕು ಸಲ ಕೂಗ್ತಿದೆ," ಅಂದ ರಾಯ್ಸ್.

"ಹಸಿವು ಜಾಸ್ತಿಯಾಗಿದೆ."

"ಮೊದಲು ಒಂದೇ ಸಲ ಕೂಗ್ತಿತ್ತು."

"ಮದುವೆಯಾದ ಹೊಸದರಲ್ಲಿ ನನ್ನ ಅಕ್ಕನೂ ಒಂದೇ ಸಲ ಕೂಗ್ತಿದ್ಲು." ಡೆಲ್ಬರ್ಟ್ ಎದ್ದು ಹೋಗಿ ಡಬ್ಬಿಯನ್ನು ಗೋಡೆಯಿಂದ ಕಿತ್ತು, ವೈರು ಎಳೆದು, ಬೂಟುಗಳ ಪಕ್ಕಕ್ಕೆ ಎಸೆದ. "ಇದೊಂದು ಬೇರೆ ಬ್ಯಾಟರಿ ತಿನ್ನೋಕೆ."

ರಾಯ್ಸ್ ನಕ್ಕ. ಹಣೆ ಒತ್ತಿಕೊಂಡ. "ತಲೆ ಸಿಡೀತಿದೆ ಮಾರಾಯ."

"ಎರಡು ದಿನದಿಂದ ನನ್ನ ಮಾತು ಕೇಳ್ತಿದೀಯಲ್ಲ."

ಪಿಕಲ್ ಎದ್ದು ನಿಂತಿತು, ಹಿಂಗಾಲು ಎತ್ತಲೋ ಹೋಯಿತು, ಬಾಗಿಲಿಗೆ ಡಿಕ್ಕಿ ಹೊಡೆಯಿತು.

"ನನ್ನ ಬಿಯರ್‌ಗೆ ಬಾಯಿ ಹಾಕಿದೆ ನೋಡು ಈ ಕಳ್ಳ!" ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾಯಿ ವಾಂತಿ ಮಾಡಿತು. ಡೆಲ್ಬರ್ಟನ ಹೊಟ್ಟೆಯೂ ತೊಳಸಿತು. ನಿನ್ನೆಯ ಸಾಸೇಜು ಕೆಟ್ಟಿತ್ತೆಂದುಕೊಂಡ. ಕೋಟು ತೊಟ್ಟ, ಒಲೆಯ ಮೇಲಿದ್ದ ಬಿಸಿನೀರಿನ ಕೆಟಲ್ ಒಂದು ಕೈಗೆ, ನಾಯಿಯನ್ನು ಇನ್ನೊಂದು ಕಂಕುಳಿಗೆ ಎತ್ತಿಕೊಂಡ.

"ಇದನ್ನ ಗಾಳಿಗೆ ಬಿಟ್ಟು, ಪಿಕಪ್ಪಿನ ಫಿಲ್ಟರ್‌ಗೆ ಬಿಸಿನೀರು ಹುಯ್ದು ನೋಡ್ತೀನಿ. ನೀನೂ ಬಾಗಿಲ ಹತ್ರ ಬರ್ತೀಯಾ, ಸ್ವಲ್ಪ ಗಾಳಿಗೆ?"

ಕೇಳಿದ ಕೂಡಲೇ ಅವನೇ ತಲೆ ಅಲ್ಲಾಡಿಸಿದ. "ಬೇಡ ಬೇಡ. ಅಕ್ಕ ನನ್ನ ಚರ್ಮ ಸುಲೀತಾಳೆ. ಬೆಚ್ಚಗೆ ಇಲ್ಲೇ ಇರು. ಎಲೆ ಕದಿಯಬೇಡ."

"ಬಾಗಿಲು ಹಾಕ್ಕೊಂಡು ಹೋಗು," ಅಂದ ರಾಯ್ಸ್. "ಬಿಸಿ ಹೋಗತ್ತೆ."

ಡೆಲ್ಬರ್ಟ್ ಬಾಗಿಲನ್ನು ಭದ್ರವಾಗಿ ಎಳೆದು ಹಾಕಿದ. ಎಳೆದ ಮೇಲೆ ಇನ್ನೊಮ್ಮೆ ಭುಜ ಕೊಟ್ಟು ಒತ್ತಿದ.

ಮೆಟ್ಟಿಲಿಳಿದು ಹತ್ತು ಹೆಜ್ಜೆಗೆ ಮೊಣಕಾಲು ಕುಸಿಯಿತು. ಹಿಮದಲ್ಲಿ ಮುಖ ಅಡಿಯಾಗಿ ಎಷ್ಟು ಹೊತ್ತು ಬಿದ್ದಿದ್ದನೋ, ಪಿಕಲ್ ಕಿವಿ ನೆಕ್ಕಿದಾಗ ಎಚ್ಚರವಾಯಿತು. ಕೆಟಲಿನ ನೀರು ಚೆಲ್ಲಿ ಗಾಜಾಗಿತ್ತು. ತಲೆ ಸ್ವಲ್ಪ ಸ್ವಲ್ಪವೇ ತಿಳಿಯಾಯಿತು. ನಾಯಿಯೂ ನೆಟ್ಟಗೆ ನಿಂತಿತ್ತು. ನಾಯಿಗೂ ತನಗೂ ಒಟ್ಟಿಗೆ ಕಾಯಿಲೆ, ಒಟ್ಟಿಗೆ ವಾಸಿ. ಅದೆಂಥ ಸಾಸೇಜು? ನಾಯಿ ಸಾಸೇಜು ತಿಂದಿರಲೇ ಇಲ್ಲ.

ಎದೆಮಟ್ಟದ ಹಿಮದಲ್ಲಿ ಆ ಹತ್ತು ಹೆಜ್ಜೆ ಹತ್ತು ಮೈಲಿಯಾಯಿತು. ಬಾಗಿಲನ್ನು ಅಷ್ಟು ಭದ್ರವಾಗಿ ಹಾಕಿದವನೂ ಅವನೇ; ಅದು ಒಂದೇಟಿಗೆ ತೆರೆಯಲಿಲ್ಲ.

ಒಳಗೆ ಹಬೆಯಾಡುವಷ್ಟು ಬೆಚ್ಚಗಿತ್ತು. ರಾಯ್ಸ್ ಕೂತಲ್ಲೇ ಗೋಡೆಗೊರಗಿದ್ದ. ಕೈಯಲ್ಲಿ ಎಲೆಗಳು ಬೀಸಣಿಗೆಯಂತೆ ಹರಡಿದ್ದವು, ಒಂದೂ ಜಾರಿರಲಿಲ್ಲ. ಕೆನ್ನೆಗಳು ಸೇಬಿನಂತೆ ಕೆಂಪು.

"ಭಾವ. ಭಾವ, ಆಟ ನಿಂದು."

ಕಿಟಕಿ ಒಡೆದ. ಹೀಟರಿಗೆ ಒದ್ದ. ಭಾವನ ಕಂಕುಳಿಗೆ ಕೈ ಕೊಟ್ಟು, ಥಂಡಿ ತಾಗಿಸುವುದಿಲ್ಲವೆಂದು ಆಣೆಯಿಟ್ಟ ಮೈಯನ್ನು ದರದರ ಎಳೆದು ಹಿಮದ ಮೇಲೆ ಮಲಗಿಸಿದ. ಬಾಯಿಗೆ ಬಾಯಿಟ್ಟು ಊದಿದ. ಎದೆ ಒತ್ತಿದ. ಬೆಳಕು ಹೋಗುವವರೆಗೂ ಒತ್ತಿದ. ಕೆನ್ನೆಯ ಕೆಂಪು ಹಾಗೇ ಇತ್ತು, ಮೈ ಮಾತ್ರ ತಣ್ಣಗಾಗುತ್ತ ಹೋಯಿತು.

ಮೂರನೆಯ ದಿನ ಹಿಮ ತೆಗೆಯುವ ಗಾಡಿಯ ಹಿಂದೆ ಶೆರಿಫನ ಕಡೆಯ ಒಬ್ಬ ಯುವಕ ಬಂದ. ಹೀಟರಿನ ಜಾಲರಿಯೊಳಗೆ ಟಾರ್ಚು ಬಿಟ್ಟು ನೋಡಿದ. ಆ ವೈರಿನ ತುಂಡನ್ನು ನೋಡಿದ. ಟಾರ್ಚು ಆರಿಸಿದ; ಅವನಪ್ಪನ ಟ್ರೇಲರಿನಲ್ಲೂ ಅಂಥದ್ದೊಂದು ಇದ್ದಿರಬೇಕು.

"ಅಕ್ಕನಿಗೆ ಯಾರೂ ಹೇಳಬೇಡಿ," ಅಂದ ಡೆಲ್ಬರ್ಟ್. "ನಾನೇ ಹೇಳ್ತೀನಿ."

ಹಾಗಾಗಿ ಜೋಲೀನಳಿಗೆ ಗಂಡ ಸತ್ತದ್ದಷ್ಟೇ ಗೊತ್ತಿತ್ತು. ಶವಾಗಾರದಲ್ಲಿ ಬಿಳಿ ಬಟ್ಟೆ ಸರಿಸಿ, ಬಹಳ ಹೊತ್ತು ಅವನ ಮುಖ ನೋಡಿದಳು. ಕೆನ್ನೆಯ ಮೇಲೆ ಬೆರಳಿನ ಹಿಂಬದಿ ಇಟ್ಟಳು.

"ಎಷ್ಟು ಕೆಂಪಗಿದಾರೆ ನೋಡೋ. ಮದುವೆ ದಿನ ಹೀಗಿದ್ರು." ಆಮೇಲೆ ಕೇಳಿದಳು, "ಥಂಡಿ ತಗಲ್ತಾ?"

"ಇಲ್ಲಕ್ಕ. ಕೊನೇವರೆಗೂ ಬೆಚ್ಚಗಿದ್ದ."

"ಮಾತು ಉಳಿಸ್ಕೊಂಡೆ ಹಾಗಾದ್ರೆ." ಅವಳು ತಮ್ಮನ ತೋಳನ್ನು ಮೆಲ್ಲಗೆ ಅದುಮಿದಳು. "ಎದೆನೇ ಕೈಕೊಡ್ತು ಅನ್ಸತ್ತೆ. ಡಾಕ್ಟ್ರು ಹೇಳೇ ಇದ್ರು."

ಸುಳ್ಳು ತಾನಾಗಿ ಬಂದು ಕಾಲ ಬಳಿ ಕೂತಿತ್ತು, ಪಿಕಲ್‌ನಂತೆ. ಹೂಂ ಎಂದರೆ ಸಾಕಿತ್ತು. ಐವತ್ತೆಂಟು ವರ್ಷ ಹಗಲಿಗೆ ಹತ್ತರಂತೆ ಹೇಳಿ ಪಳಗಿದ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು.

"ಎದೆ ಅಲ್ಲ ಅಕ್ಕ. ಹೀಟರಿನ ಹೊಗೆ. ಆ ಕೆಂಪೂ ಅದರ ವಿಷದ್ದೇ. ನಾನೊಂದು ವೈರು ಸಿಕ್ಕಿಸಿದೆ. ಬೆಂಕಿ ಹತ್ತಲಿ ಅಂತ. ಅಲಾರಂ ಕೂಗ್ತು. ಅದನ್ನೂ ನಾನೇ ಕಿತ್ತೆ."

ಅವಳ ಕೈ ಅವನ ತೋಳಿನ ಮೇಲೆ ಹಾಗೇ ನಿಂತಿತು.

"ವೈರಾ?" ಅಂದಳು. "ಎಂಥ ವೈರು? ಎಷ್ಟುದ್ದ?"

ಅವನ ಎರಡೂ ಕೈಗಳು ಅಭ್ಯಾಸದ ಬಲಕ್ಕೆ ಮೇಲೆದ್ದವು. ಅರ್ಧದಲ್ಲಿ ನಿಂತವು. ಎಡಗೈಯನ್ನು ಇಳಿಸಿದ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಬಿಡಿಸಿ, ನಾಲ್ಕೇ ಇಂಚಿನಷ್ಟು ಅಗಲಿಸಿ, ಅವಳ ಮುಖದ ಮುಂದೆ ಹಿಡಿದ. ಅಳತೆ ಸರಿಯಾಗಿತ್ತು.