ಐದು ಪಾಯಿಂಟ್ ಹನ್ನೊಂದು

ಪೆಟ್ಟಿಗೆಯನ್ನು ಜಗಲಿಯಲ್ಲಿ ಇಳಿಸಿದ ಕೂಡಲೇ ನನಗೆ ಅದು ಚಿಕ್ಕದಾಗಿ ಕಂಡಿತು. ಆದರೆ ಹೇಳಲಿಲ್ಲ. ಎಲ್ಲದರಲ್ಲೂ ತಪ್ಪು ಹುಡುಕುವವಳು ಎಂದು ಮನೆಯಲ್ಲಿ ನನಗೆ ಹೆಸರು ಉಂಟು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಕಾರ್ಕಳ ಬಸ್‌ಸ್ಟ್ಯಾಂಡಿನಿಂದ ಮನೆಗೆ ಹಿಂದೆ ಬಂದು ನೋಡಿದವಳು ನಾನು. ಅತ್ತು ಅತ್ತು ಬಾತ ಕಣ್ಣಿಗೆ ಅಳತೆ ತಿಳಿಯುವುದಿಲ್ಲ ಎಂದುಕೊಂಡು ಸುಮ್ಮನಾದೆ.

ಒಳಗೆ ಮಂಚದ ಮೇಲೆ ಪಪ್ಪ ಇದ್ದರು. ಹಿಂದಿನ ಸಂಜೆ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಕಾರ್ಕಳ–ಉಡುಪಿ ರೂಟಿನಲ್ಲಿ ಕಂಡಕ್ಟರ್ ಬೆಂಜಮಿನ್ ಎಂದರೆ ಗೊತ್ತಿಲ್ಲದವರು ಕಡಿಮೆ. ಅವರ ಎತ್ತರಕ್ಕೆ ಬಸ್ಸಿನ ಮಾಡು ಸಾಲುತ್ತಿರಲಿಲ್ಲ. ತಲೆಯನ್ನು ಒಂದು ಬದಿಗೆ ವಾಲಿಸಿಕೊಂಡೇ ಟಿಕೇಟು ಹರಿಯುತ್ತಿದ್ದರು. ಕೆಲಸ ಬಿಟ್ಟ ಮೇಲೂ ಕುತ್ತಿಗೆ ಹಾಗೆಯೇ ಉಳಿದಿತ್ತು, ಇಗರ್ಜಿಯಲ್ಲಿ ಪ್ರಾರ್ಥನೆಗೆ ನಿಂತರೂ ಯಾರದೋ ಮಾತಿಗೆ ಕಿವಿಗೊಟ್ಟವರ ಹಾಗೆ. ಈಗ ಮಲಗಿದ ಮೇಲೆ ಮೊದಲ ಬಾರಿಗೆ ನೆಟ್ಟಗೆ ಕಾಣುತ್ತಿದ್ದರು.

ನಾಲ್ಕು ಗಂಟೆಗೆ ಇಗರ್ಜಿಯಲ್ಲಿ ಬಲಿಪೂಜೆ. ಅದಕ್ಕೆ ಮೊದಲು ಮನೆಯಲ್ಲಿ ಪ್ರಾರ್ಥನೆ. ಅಣ್ಣ ಜೋನ್, ಪಪ್ಪನ ಜೊತೆ ವರ್ಷಗಟ್ಟಲೆ ಬಸ್ಸು ಓಡಿಸಿದ ಯಶ್ವಂತಣ್ಣ, ನೆರೆಮನೆಯ ಇಬ್ಬರು ಸೇರಿ ಪಪ್ಪನನ್ನು ಎತ್ತಿ ಪೆಟ್ಟಿಗೆಯೊಳಗೆ ಇಳಿಸಿದರು. ತಲೆ ಸರಿಯಾಗಿ ಕೂತಿತು. ಕಾಲು ಕೂರಲಿಲ್ಲ. ಹೊಸ ಬಿಳಿ ಸಾಕ್ಸ್ ಹಾಕಿದ್ದ ಎರಡು ಪಾದಗಳೂ ಪೆಟ್ಟಿಗೆಯ ಅಂಚಿನ ಮೇಲೆ ನಿಂತವು.

ಪ್ರಾರ್ಥನೆ ಹೇಳುತ್ತಿದ್ದವರು ನಡುವೆಯೇ ನಿಲ್ಲಿಸಿದರು. ಆ ಬಿಳಿ ಸಾಕ್ಸ್ ಬಿಟ್ಟು ಬೇರೆ ಏನನ್ನೂ ನೋಡಲು ನನ್ನಿಂದ ಆಗಲಿಲ್ಲ. ಯಾರೋ ಮೆಲ್ಲಗೆ ಒಂದು ಬೆಡ್‌ಶೀಟು ತಂದು ಅವುಗಳ ಮೇಲೆ ಹೊದಿಸಿದರು. ಅದರಿಂದ ಅವು ಇನ್ನೂ ಎದ್ದು ಕಂಡವು.

ಪೆಟ್ಟಿಗೆ ತಂದವನು ಜಿತೇಶ್, ಉಡುಪಿಯ ಅಂಗಡಿಯವನು. ಯಶ್ವಂತಣ್ಣ ಅವನನ್ನು ಪಕ್ಕಕ್ಕೆ ಕರೆದು, ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಎಂತ ಮಾರಾಯ, ಬಾಲವಾಡಿಯವರಿಗೆ ಮಾಡಿದ್ದಾ ಇದನ್ನು?"

ಜಿತೇಶ್ ಅಳುವ ಮುಖ ಮಾಡಿ ಮೊಬೈಲು ತೆರೆದು ತೋರಿಸಿದ. ಅವರಲ್ಲಿ ಅಳತೆ ಕಳಿಸಿದರೆ ಹಲಗೆಯನ್ನು ಮಷೀನಿನಲ್ಲಿ ಕೊಯ್ದು ಗಂಟೆಯೊಳಗೆ ಜೋಡಿಸುತ್ತಾರಂತೆ. ಮಷೀನಿಗೆ ಸೆಂಟಿಮೀಟರೇ ಬೇಕು. ಎತ್ತರ ಕಳಿಸಿದ್ದು ಜೋನ್. ಆಸ್ಪತ್ರೆಯ ಬಿಲ್ಲಿನ ಕ್ಯೂನಲ್ಲಿ ನಿಂತು ಬರೆದದ್ದು ಇಷ್ಟೇ: 5.11 ಅಡಿ. ಜಿತೇಶ್ ಅದನ್ನು ಮೊಬೈಲಿಗೆ ಹಾಕಿದ. ನೂರ ಐವತ್ತಾರು ಸೆಂಟಿಮೀಟರ್ ಎಂದು ಬಂತು. ಅದಕ್ಕೆ ಸ್ವಲ್ಪ ಕೂಡಿಸಿ ಒಳಗಿನ ಉದ್ದ ನೂರ ಅರವತ್ತೈದು ಇಟ್ಟ.

ಮೊಬೈಲು ತಪ್ಪಲಿಲ್ಲ. ನಾವೆಲ್ಲ ಐದು ಅಡಿ ಹನ್ನೊಂದು ಇಂಚಿಗೆ ಐದು ಪಾಯಿಂಟ್ ಹನ್ನೊಂದು ಅನ್ನುತ್ತೇವೆ, ಹಾಗೆಯೇ ಬರೆಯುತ್ತೇವೆ. ಆದರೆ ಅಡಿಗೆ ಹನ್ನೆರಡು ಇಂಚು, ಪಾಯಿಂಟಿಗೆ ಹತ್ತರ ಲೆಕ್ಕ. ಪಾಯಿಂಟ್ ಹನ್ನೊಂದು ಅಡಿ ಎಂದರೆ ಒಂದೂಕಾಲು ಇಂಚಿನಷ್ಟು. ಪಪ್ಪ ಇದ್ದದ್ದು ನೂರ ಎಂಬತ್ತು ಸೆಂಟಿಮೀಟರ್. ಒಂದು ಚುಕ್ಕೆಯಲ್ಲಿ ಮುಕ್ಕಾಲು ಅಡಿಗಿಂತ ಹೆಚ್ಚು ಪಪ್ಪ ಕಾಣೆಯಾಗಿದ್ದರು.

ಜೋನ್ ಗೋಡೆ ಹಿಡಿದು ಕೂತುಬಿಟ್ಟ. ಬೇರೆ ಪೆಟ್ಟಿಗೆ ಬರಲು ಎಷ್ಟು ಹೊತ್ತು ಎಂದು ಕೇಳಿದೆ. ಮಾಡಿ ತರುವಾಗ ಐದು ಗಂಟೆ ದಾಟಬಹುದು ಎಂದ ಜಿತೇಶ್. ಆಮೇಲೆ ಅಮ್ಮನ ಕಡೆ ನೋಡದೆ, ಮೊಣಕಾಲು ಒಂದು ಚೂರು ಮಡಚಿದರೆ ಮುಚ್ಚಳ ಕೂರುತ್ತದೆ, ಮೇಲೆ ಹೂವು ಹಾಕಿದರೆ ಗೊತ್ತಾಗುವುದಿಲ್ಲ ಎಂದ. ಜೋನ್ ಗಡಿಯಾರ ನೋಡಿದ. ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದ.

ಅಮ್ಮ ಅಷ್ಟು ಹೊತ್ತು ಪಪ್ಪನ ತಲೆಯ ಬಳಿ ಜಪಮಾಲೆ ಹಿಡಿದು ಕೂತಿದ್ದಳು. ಹೊಲಿಗೆ ಅವಳ ಕೆಲಸ, ಜೆರ್ಟ್ರೂಡ್‌ಬಾಯಿ ಹೊಲಿದ ರವಿಕೆಗೆ ಎರಡನೇ ಬಾರಿ ಸೂಜಿ ಹಾಕಬೇಕಾಗಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಅವಳು ಎದ್ದು ಬಂದು ಆ ಬೆಡ್‌ಶೀಟು ತೆಗೆದು ಮಡಚಿದಳು.

"ಇಡೀ ಜೀವಮಾನ ಬಸ್ಸಿನೊಳಗೆ ಬಗ್ಗಿ ನಿಂತವರು ಅವರು. ಈಗಲೂ ಬಗ್ಗಿಸುವುದು ಬೇಡ. ಫಾದರ್ ಕಾಯಲಿ."

ಯಶ್ವಂತಣ್ಣ ಬೈಕು ತೆಗೆದುಕೊಂಡು ಇಗರ್ಜಿಗೆ ಹೋದರು. ಫಾದರ್ ಆರು ಗಂಟೆಯವರೆಗೂ ಕಾಯುತ್ತೇನೆ ಎಂದರಂತೆ. ಜಿತೇಶ್ ಅಂಗಡಿಗೆ ಫೋನು ಮಾಡಿದಾಗ ನಾನು ಅದನ್ನು ಅವನ ಕೈಯಿಂದ ತೆಗೆದುಕೊಂಡೆ. ಎತ್ತರ ನೂರ ಎಂಬತ್ತು ಸೆಂಟಿಮೀಟರ್, ಅಂದರೆ ಐದು ಅಡಿ, ಹನ್ನೊಂದು ಇಂಚು ಎಂದೆ. ಆ ಕಡೆಯವರಿಂದ ಎರಡನ್ನೂ ಹೇಳಿಸಿದೆ. ಸಾಲದೆಂದು ಮತ್ತೊಮ್ಮೆ ಹೇಳಿಸಿದೆ. ಈ ಸಲ ನನ್ನನ್ನು ಯಾರೂ ತಮಾಷೆ ಮಾಡಲಿಲ್ಲ.

ಐದೂಕಾಲಿಗೆ ಬಂದ ಪೆಟ್ಟಿಗೆಯಲ್ಲಿ ಪಪ್ಪ ನೆಟ್ಟಗೆ ಮಲಗಿದರು. ಅಮ್ಮ ಅವರ ಪಾದ ಮತ್ತು ಹಲಗೆಯ ನಡುವೆ ಕೈಯಿಟ್ಟು ನೋಡಿದಳು. ಜಾಗ ಇತ್ತು. ಜಿತೇಶ್ ಮೊದಲಿನ ಪೆಟ್ಟಿಗೆಯನ್ನು ಎತ್ತಿ ಗಾಡಿಗೆ ಇಡಹೊರಟ. ಅಮ್ಮ ಅವನನ್ನು ತಡೆದಳು.

"ಅದು ಇಲ್ಲೇ ಇರಲಿ."

"ಬಾಯಮ್ಮ, ಇದು ನಿಮಗೆ ಎಂತಕ್ಕೆ?"

"ನನಗೇ," ಎಂದಳು ಅಮ್ಮ.

ಜಿತೇಶ್ ಹಿಡಿದ ಪೆಟ್ಟಿಗೆಯನ್ನು ಹಾಗೆಯೇ ಕೆಳಗಿಟ್ಟ. ಅಂಗಳದಲ್ಲಿದ್ದವರೆಲ್ಲ ಅಮ್ಮನನ್ನು ನೋಡಿದರು. ಅವಳು ಆಗಲೇ ಸೆರಗು ಸರಿಮಾಡಿಕೊಂಡು ಪಪ್ಪನ ಹಿಂದೆ ಹೊರಟಿದ್ದಳು.

ಮಣ್ಣು ಹಾಕಿ ಬರುವಾಗ ಕತ್ತಲಾಗಿತ್ತು. ಪೆಟ್ಟಿಗೆ ಜಗಲಿಯಲ್ಲೇ ಇತ್ತು. ಅದನ್ನು ದಾಟಿ ಒಳಗೆ ಹೋದೆವು. ಕಾಲು ತೊಳೆದು ಬಂದ ಅಮ್ಮ ಹೊಲಿಗೆ ಮಷೀನಿನ ಡ್ರಾದಿಂದ ಟೇಪು ತೆಗೆದು ನನ್ನ ಕೈಗೆ ಕೊಟ್ಟು, ಗೋಡೆಗೆ ಬೆನ್ನು ತಾಗಿಸಿ ನಿಂತಳು.

"ಅಳೆ."

"ಅಮ್ಮಾ, ಇವತ್ತು ಬೇಡ."

"ಅವರ ಅಳತೆ ಅವರಿಗೆ ಹೇಳಲಿಕ್ಕೆ ಆಗಲಿಲ್ಲ. ನನಗೆ ಈಗ ಆಗ್ತದೆ. ಅಳೆ."

ಟೇಪಿನ ಒಂದು ಬದಿಯಲ್ಲಿ ಇಂಚು, ಇನ್ನೊಂದು ಬದಿಯಲ್ಲಿ ಸೆಂಟಿಮೀಟರ್. ತುದಿಯನ್ನು ಅವಳ ಹಿಮ್ಮಡಿಯ ಕೆಳಗೆ ಸಿಕ್ಕಿಸಿ ನೆತ್ತಿಯವರೆಗೆ ಎಳೆದೆ. ನಾಲ್ಕು ಅಡಿ ಹನ್ನೊಂದು ಇಂಚು. ನೂರ ಐವತ್ತು. ಪೆಟ್ಟಿಗೆಯೊಳಗೆ ನೂರ ಅರವತ್ತೈದು ಉಂಟು, ಹದಿನೈದು ಉಳಿಯುತ್ತದೆ, ಪಪ್ಪನಿಗೆ ಸಾಲದೆ ಬಂದದ್ದೂ ಅಷ್ಟೇ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಹಾಕಿದ ಮೇಲೆ ನನಗೆ ಭಯವಾಗಿ ಟೇಪು ಬಿಟ್ಟುಬಿಟ್ಟೆ.

ಅಮ್ಮ ಬಗ್ಗಿ ಅದನ್ನು ಹೆಕ್ಕಿ, ಬೆರಳಿಗೆ ಸುತ್ತಿಕೊಂಡಳು.

"ಸರಿಯಾಗ್ತದೆ ಅಲ್ವಾ?"

ಆಗುತ್ತದೆ ಎಂದೆ.

"ಜೋನನ ಕೈಯಲ್ಲಿ ಬರೆಸಬೇಡ," ಎಂದು ಹೇಳಿ ಅವಳು ಗಂಜಿ ಬಿಸಿಮಾಡಲು ಒಳಗೆ ಹೋದಳು.